ಶೀಟಿನಲ್ಲಿ ಇಲ್ಲದ ಕಾಲಮ್

ಮ್ಯಾನೇಜರ್ ಆದ ಮೊದಲ ವಾರವೇ ನಾನೊಂದು ಶೀಟ್ ಮಾಡಿದೆ. ಗ್ರಾಹಕರ ದೂರು ನೋಡುವ ತಂಡ, 11 ಜನ. ಯಾರು ಎಷ್ಟು ದೂರು ಮುಗಿಸಿದರು ಅಂತ ಗಂಟೆಗೊಮ್ಮೆ ಅವರೇ ತುಂಬಬೇಕು. ತಲೆ ಮೇಲೆ ಕೂತರೇನೇ ಕೆಲಸ ಆಗುವುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯ ಅಂದುಕೊಂಡಿದ್ದೆ.

ಎರಡೇ ತಿಂಗಳಲ್ಲಿ ಸಾಕ್ಷಿಯೂ ಸಿಕ್ಕಿತು. ಸುಲಭದ ದೂರುಗಳನ್ನು ಮೊದಲು ಎತ್ತಿಕೊಂಡು, ಕಷ್ಟದವನ್ನು ಮುಂದಿನ ಶಿಫ್ಟಿಗೆ ತಳ್ಳುತ್ತಿದ್ದರು. ಟಾರ್ಗೆಟ್ ಮುಟ್ಟಿದ ಮೇಲೆ ಕೈ ನಿಧಾನ. ನಾನು ರಜೆ ಹಾಕಿದ ದಿನ ಇನ್ನೂ ನಿಧಾನ. ನಾನು ಹೇಳಿರಲಿಲ್ವಾ ಎಂದುಕೊಂಡು ಇನ್ನೆರಡು ಕಾಲಮ್ ಸೇರಿಸಿದೆ.

ಒಂದೇ ಬಗೆಯ ದೂರು ಯಾಕೆ ಪದೇ ಪದೇ ಬರುತ್ತಿದೆ ಎಂದು ಮೇಲಿನವರು ಒಂದು ದಿನ ಕೇಳಿದರು. ನನಗೆ ಗೊತ್ತಿರಲಿಲ್ಲ. ತಂಡದಲ್ಲಿ ಜಾಸ್ತಿ ಮಾತಾಡದ ಒಬ್ಬರನ್ನು ಸುಮ್ನೆ ಕೇಳಿದೆ.

"ಬಿಲ್ಲಿನಲ್ಲಿ ಎರಡು ದಿನಾಂಕ ಇವೆ ಸರ್. ಜನ ತಪ್ಪು ದಿನಾಂಕ ನೋಡಿ ಲೇಟಾಗಿ ಕಟ್ಟುತ್ತಾರೆ. ದಂಡ ಬಿದ್ದ ಮೇಲೆ ನಮಗೆ ಫೋನ್ ಮಾಡುತ್ತಾರೆ."

ಯಾವಾಗಿನಿಂದ ಗೊತ್ತು ಎಂದೆ. ನಾಲ್ಕು ತಿಂಗಳಿಂದ ಅಂತೆ. ಮತ್ತೆ ಯಾಕೆ ಹೇಳಲಿಲ್ಲ?

"ಅದನ್ನ ಎಲ್ಲಿ ಬರೆಯಬೇಕಿತ್ತು ಸರ್?"

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಅದಕ್ಕೊಂದು ಕಾಲಮ್ ಇರಲಿಲ್ಲ.

ಡಗ್ಲಸ್ ಮೆಕ್‌ಗ್ರೆಗರ್ ಬಗ್ಗೆ ಓದಿದ್ದು ಅದಾದ ಮೇಲೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಅವರು 1960ರಲ್ಲಿ ಮ್ಯಾನೇಜರುಗಳ ನಂಬಿಕೆಗಳನ್ನು ಎರಡಾಗಿ ಬಿಡಿಸಿಟ್ಟರು. ಥಿಯರಿ ಎಕ್ಸ್ ಪ್ರಕಾರ ಜನಕ್ಕೆ ಕೆಲಸ ಅಂದರೆ ಆಗದು, ಹೆದರಿಸಿ, ಕಾದು ಕೂತು ಮಾಡಿಸಬೇಕು. ಥಿಯರಿ ವೈ ಪ್ರಕಾರ ಆಟ, ವಿಶ್ರಾಂತಿಯಷ್ಟೇ ಕೆಲಸವೂ ಸಹಜ. ತಾವು ಒಪ್ಪಿದ ಗುರಿಗಾಗಿ ಜನ ತಾವೇ ದುಡಿಯುತ್ತಾರೆ. ಇದನ್ನು ಎರಡು ಜಾತಿಯ ನೌಕರರು ಅಂತ ಹೇಳಿಕೊಡುವವರಿದ್ದಾರೆ, ತಪ್ಪು. ಎರಡೂ ಇರುವುದು ಮ್ಯಾನೇಜರ್ ತಲೆಯೊಳಗೆ. ಕೆಲಸಗಾರರ ಮೈಗಳ್ಳತನ ಹುಟ್ಟುಗುಣ ಅಲ್ಲ, ಅವರನ್ನು ನಡೆಸಿಕೊಂಡ ರೀತಿಯ ಫಲ ಎನ್ನುವ ಮೆಕ್‌ಗ್ರೆಗರ್ ವಾದ ನನಗೆ ನಾಟಿತು. ನನ್ನ ಸಾಕ್ಷಿಯನ್ನು ನಾನೇ ತಯಾರು ಮಾಡಿಕೊಂಡಿದ್ದೆ.

ಶೀಟ್ ತೆಗೆದು ಹಾಕಿ "ನಿಮಗೆ ಸರಿ ಕಂಡಂತೆ ಮಾಡಿ" ಎಂದೆ. ಮೂರು ವಾರ ಎಲ್ಲ ಅಡ್ಡಾದಿಡ್ಡಿ. ಹಳೆಯ ದೂರುಗಳು ರಾಶಿ ಬಿದ್ದವು. ಇದೇನೋ ಪರೀಕ್ಷೆ ಅಂದುಕೊಂಡು ಇಬ್ಬರು ಗುಟ್ಟಾಗಿ ಹಳೆಯ ಶೀಟನ್ನೇ ತುಂಬುತ್ತಿದ್ದರಂತೆ! ಮೆಕ್‌ಗ್ರೆಗರ್ ಕೂಡ ಇಲ್ಲೇ ಎಡವಿದ್ದರು. 1948ರಿಂದ 1954ರವರೆಗೆ ಆಂಟಿಯಕ್ ಕಾಲೇಜಿನ ಅಧ್ಯಕ್ಷರಾಗಿದ್ದ ಅವರು, ಸಲಹೆಗಾರನ ಹಾಗೆ ಇದ್ದುಬಿಟ್ಟರೆ ಸಾಕು ಅಂದುಕೊಂಡಿದ್ದರು. ಅಧಿಕಾರ ಚಲಾಯಿಸದೆ ಆಗುವುದಿಲ್ಲ ಎಂದು ಆಮೇಲೆ ಒಪ್ಪಿಕೊಂಡರು. ಇದನ್ನು ಓದಿ ನನಗೆ ಎಷ್ಟು ಸಮಾಧಾನವಾಯಿತೋ!

ಕೊನೆಗೆ ಎಲ್ಲರೂ ಕೂತು ಒಂದು ಗುರಿ ಇಟ್ಟುಕೊಂಡೆವು: ಒಮ್ಮೆ ಮುಗಿದ ದೂರು ಮತ್ತೆ ಬರಬಾರದು. ದಂಡ ಮನ್ನಾಕ್ಕೆ ಮೊದಲು ಪ್ರತಿ ಸಲ ನನ್ನ ಅಪ್ರೂವಲ್ ಬೇಕಿತ್ತು; ಒಂದು ಮಿತಿಯವರೆಗೆ ಅದನ್ನು ಅವರಿಗೇ ಬಿಟ್ಟೆ. ವಾರಕ್ಕೊಮ್ಮೆ ಅರ್ಧ ಗಂಟೆ ಸೇರಿ, "ಈ ವಾರ ಏನು ಕಂಡಿರಿ?" ಎಂದು ಕೇಳುತ್ತಿದ್ದೆ. ಮೊದಲೆರಡು ವಾರ ಎಲ್ಲರೂ ಗೋಡೆ ನೋಡಿದರು. ಮೂರನೆಯ ವಾರ, ಬಿಲ್ಲಿನ ದಿನಾಂಕ ಹೇಳಿದವರೇ ಮೊದಲು ಬಾಯಿ ಬಿಟ್ಟರು. ಈಗ ಅರ್ಧ ಗಂಟೆ ಸಾಲುವುದಿಲ್ಲ.

ಎಲ್ಲರೂ ಬದಲಾದರು ಅಂತ ಹೇಳಲಾರೆ. ಒಬ್ಬರು ಇವತ್ತಿಗೂ "ಏನು ಮಾಡಬೇಕು ಹೇಳಿಬಿಡಿ ಸರ್" ಎನ್ನುತ್ತಾರೆ, ಹೇಳುತ್ತೇನೆ. ಹೊಸಬರ ಪಕ್ಕ ಕೆಲವು ವಾರ ಕೂರಲೇಬೇಕು. ಕಲಿಸಲು ಕೂತಿದ್ದೇನೋ, ಕಾಯಲು ಕೂತಿದ್ದೇನೋ ಎನ್ನುವುದು ಅವರಿಗೆ ಬೇಗ ಗೊತ್ತಾಗುತ್ತದೆ.

ನನ್ನ ಹಳೇ ಚಟವೂ ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಕೆಲಸ ಹಿಂದೆ ಬಿದ್ದಾಗ ಹೊಸ ಶೀಟ್ ತೆರೆದು 11 ಹೆಸರನ್ನೂ ಬರೆದಿದ್ದೆ. ಆಮೇಲೆ ಮುಚ್ಚಿ, ಏನಾಯಿತು ಅಂತ ಕೇಳಲು ಎದ್ದು ಹೋದೆ. ಮೂವರು ರಜೆಯಲ್ಲಿದ್ದರು. ರಜೆ ಕೊಟ್ಟಿದ್ದು ನಾನೇ.