ಮೂಕಿ ಚಿತ್ರ ನೋಡುವ ಮುನ್ನ ಒಳ್ಳೆಯ ಪ್ರತಿ ಹುಡುಕಿ

ಮೂಕಿ ಚಿತ್ರದಲ್ಲಿ ಎಲ್ಲರೂ ಕೀಲಿ ಕೊಟ್ಟ ಗೊಂಬೆಗಳ ಹಾಗೆ ಪಟಪಟನೆ ಓಡಾಡುತ್ತಾರೆ, ಅದಕ್ಕೇ ನೋಡಲಾಗುವುದಿಲ್ಲ ಅನ್ನುವವರು ಬಹಳ. ಹೆಚ್ಚಿನ ಸಲ ತಪ್ಪು ಚಿತ್ರದ್ದಲ್ಲ, ಕೈಗೆ ಸಿಕ್ಕ ಪ್ರತಿಯದು.

ಆಗಿನ ಕ್ಯಾಮೆರಾಗಳನ್ನು ಬಹುಮಟ್ಟಿಗೆ ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ತೆಗೆಯುವ ಬಿಡಿ ಚಿತ್ರಗಳು, ಅಂದರೆ ಫ್ರೇಮ್‌ಗಳು, 16ರಿಂದ 24ರವರೆಗೆ ಎಷ್ಟಾದರೂ ಇರಬಹುದಿತ್ತು. 24 ಎಂದು ಗಟ್ಟಿಯಾದದ್ದು ಮಾತು ಬಂದ ಮೇಲೆ. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ನಡಿಗೆ ಒಂದೂವರೆ ಪಟ್ಟು ಚುರುಕಾಗುತ್ತದೆ. ಯೂಟ್ಯೂಬಿನಲ್ಲಿ ಅಂಥ ಪ್ರತಿ ಸಿಕ್ಕರೆ ವೇಗವನ್ನು 0.75ಕ್ಕೆ ಇಳಿಸಿ. ಆಗ ಸೆಕೆಂಡಿಗೆ 18 ಫ್ರೇಮ್ ಆಗುತ್ತದೆ. ಸರಿಹೋಯಿತೇ ಎಂದು ತಿಳಿಯಲು ಯಾರಾದರೂ ಸುಮ್ಮನೆ ನಡೆದುಹೋಗುವ ದೃಶ್ಯ ನೋಡಿ. ಅಟ್ಟಿಸಿಕೊಂಡು ಹೋಗುವ ದೃಶ್ಯ ಇದಕ್ಕೆ ಬೇಡ, ಹಾಸ್ಯಚಿತ್ರಗಳಲ್ಲಿ ಅವನ್ನು ಬೇಕೆಂದೇ ಚುರುಕಾಗಿ ಕಾಣುವಂತೆ ತೆಗೆಯುತ್ತಿದ್ದರು.

ಇನ್ನು ಬಣ್ಣ. 1922ರ ‘ನೊಸ್ಫೆರಾಟು’ವಿನಲ್ಲಿ ರಕ್ತಪಿಶಾಚಿ ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಊರೊಳಗೆ ಬರುತ್ತಾನೆ. ಬರೀ ಕಪ್ಪು-ಬಿಳುಪಿನ ಪ್ರತಿಯಲ್ಲಿ ಅದು ಹಾಡಹಗಲು. ಬಿಸಿಲು ಬಿದ್ದರೆ ಸಾಯುವವನು ಬಿಸಿಲಲ್ಲೇ ನಡೆಯುತ್ತಾನಲ್ಲ ಎಂದು ನಗು ಬರುತ್ತದೆ. ಹಗಲಲ್ಲೇ ತೆಗೆದು ಫಿಲ್ಮಿಗೆ ನೀಲಿ ಹಚ್ಚಿದರೆ ಅದು ರಾತ್ರಿ ಎಂದು ಅಂದಿನ ಪ್ರೇಕ್ಷಕರಿಗೆ ಗೊತ್ತಿತ್ತು. ಈ ಚಿತ್ರವನ್ನು ಬಣ್ಣವಿರುವ, ದುರಸ್ತಿಯಾದ ಪ್ರತಿಯಲ್ಲಿ ಮಾತ್ರ ನೋಡಿ.

ಚಿತ್ರದ ಅವಧಿಯನ್ನೂ ಗಮನಿಸಿ. 1927ರ ‘ಮೆಟ್ರೊಪೊಲಿಸ್’ನ ಕತ್ತರಿಸಿಹೋಗಿದ್ದ ಸುಮಾರು 25 ನಿಮಿಷ 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿತು. 2010ರ ದುರಸ್ತಿ ಪ್ರತಿ ಎರಡೂವರೆ ಗಂಟೆಯ ಹತ್ತಿರ ಬರುತ್ತದೆ. ಅದರಲ್ಲಿ ಅಲ್ಲಲ್ಲಿ ಗೀರು ತುಂಬಿದ ಭಾಗ ಬಂದರೆ ಅದು ಆ ಸಿಕ್ಕ ತುಣುಕೇ, ಫೈಲ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಟಿವಿಯಲ್ಲಿ ಎರಡು ಕೆಲಸ. ಚಲನೆ ನುಣುಪಾಗಿ ಕಾಣಲೆಂದು ಟಿವಿ ತಾನೇ ನಡುವೆ ಫ್ರೇಮ್ ಸೇರಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ; ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಎಂದಿರುತ್ತದೆ. ಚಿತ್ರದ ಅಳತೆಯನ್ನು ಎಳೆಯದೆ, ಝೂಮ್ ಮಾಡದೆ ಬಿಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಇರಲೇಬೇಕು. ಇಲ್ಲವಾದರೆ ಮುಖಗಳು ಅಗಲವಾಗುತ್ತವೆ, ಅಥವಾ ತಲೆ ಕತ್ತರಿಸಿಹೋಗುತ್ತದೆ.

ಒಂದೇ ಪಿಯಾನೊ ತುಣುಕು ಸುತ್ತಿಸುತ್ತಿರುವ ಪ್ರತಿಯಾದರೆ ಮ್ಯೂಟ್ ಮಾಡಿ ಬೇರೆ ವಾದ್ಯಸಂಗೀತ ಹಾಕಿಕೊಳ್ಳಿ. ಹಾಡು ಬೇಡ, ಪರದೆಯ ಮೇಲಿನ ಬರಹ ಓದುವಾಗ ಸಾಹಿತ್ಯ ಅಡ್ಡ ಬರುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೋ ಮಕ್ಕಳೋ ಜೊತೆಗಿದ್ದರೆ ಒಬ್ಬರು ಆ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋಗಲಿ. ಜಪಾನಿನಲ್ಲಿ ಪರದೆಯ ಪಕ್ಕ ನಿಂತು ಹೀಗೆ ಕಥೆ ಹೇಳಲೆಂದೇ ‘ಬೆನ್ಶಿ’ಗಳಿದ್ದರು, ನಮ್ಮ ಹರಿಕಥೆ ದಾಸರಷ್ಟೇ ಜನಪ್ರಿಯರು.

ಮೊದಲ ಚಿತ್ರ ಬಸ್ಟರ್ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ (1924) ಆಗಲಿ. ಬರೀ 45 ನಿಮಿಷ. ಸಿನಿಮಾ ತೋರಿಸುವ ಹುಡುಗ (ಕೀಟನ್) ಕನಸಿನಲ್ಲಿ ಪರದೆಯೊಳಕ್ಕೇ ಹೋಗುತ್ತಾನೆ. ಬೆಂಚಿನ ಮೇಲೆ ಕೂರಲು ಹೋದರೆ ದೃಶ್ಯ ಬದಲಾಗಿ ವಾಹನಗಳ ನಡುವೆ ರಸ್ತೆಗೆ ಬೀಳುತ್ತಾನೆ. ಆಮೇಲೆ ಬಂಡೆಯಂಚು, ಸಿಂಹಗಳು, ಮರಳುಗಾಡು. ಒಂದು ಹಿನ್ನೆಲೆಯಿಂದ ಇನ್ನೊಂದಕ್ಕೆ ಹಾರುವಾಗ ಅವನ ಮೈ ಒಂದಿಷ್ಟೂ ಕದಲುವುದಿಲ್ಲ. ಕ್ಯಾಮೆರಾದಿಂದ ಅವನಿಗಿರುವ ದೂರವನ್ನು ಪ್ರತಿ ಸಲ ಅಳತೆ ಮಾಡಿ ನಿಲ್ಲಿಸುತ್ತಿದ್ದರು. ಈ ಭಾಗವನ್ನು ಎರಡನೇ ಸಲ ಹಾಕಿ, ಕೀಟನ್‌ನ ಪಾದಗಳನ್ನಷ್ಟೇ ನೋಡಿ.

ಕಾರ್ಲ್ ಡ್ರೇಯರ್‌ನ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ (1928) ಸ್ವಲ್ಪ ಪಳಗಿದ ಮೇಲೆ. ಮುಖಗಳೇ ತುಂಬಿದ ಚಿತ್ರ. ಡಿಸ್ಕಿನಲ್ಲಿ 20 ಫ್ರೇಮಿನದು ಸುಮಾರು 97 ನಿಮಿಷ, 24ರದು 82 ನಿಮಿಷ, ಹೀಗೆ ಎರಡು ವೇಗದಲ್ಲಿ ಸಿಗುತ್ತದೆ. ಎರಡರಲ್ಲೂ ಮೊದಲ ಹತ್ತು ನಿಮಿಷ ನೋಡಿ. ಜೋನ್ ಪಾತ್ರದ ನಟಿ ಫಾಲ್ಕೊನೆಟ್ಟಿಯ ಕಣ್ಣೀರು ಕೆನ್ನೆಯ ಮೇಲೆ ಇಳಿಯುವ ವೇಗ ಯಾವುದರಲ್ಲಿ ನಿಜವೆನಿಸುತ್ತದೋ ಅದನ್ನೇ ಪೂರ್ತಿ ನೋಡಿ.