ಕೊಂಡ ಕೂದಲಿಗೆ ಎಣ್ಣೆಸ್ನಾನ ಬೇಡ

ಜಡೆಗೆ ಕೂಡಿಸುವ ಚೌರಿಯನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಬಚ್ಚಲುಮನೆಯ ಅಭ್ಯಾಸಗಳೇ. ಸ್ವಂತ ತಲೆಗೆ ಏನೇನು ಮಾಡಿ ರೂಢಿಯೋ ಅದನ್ನೆಲ್ಲ ಅದಕ್ಕೂ ಮಾಡುತ್ತೇವೆ. ಹರಳೆಣ್ಣೆ ಹಚ್ಚುತ್ತೇವೆ, ಸೀಗೆಪುಡಿ ಹಾಕಿ ತಿಕ್ಕುತ್ತೇವೆ, ಹಂಡೆಯ ಸುಡುನೀರು ಹೊಯ್ಯುತ್ತೇವೆ, ಟವೆಲಿನಿಂದ ಜಾಡಿಸುತ್ತೇವೆ, ಬಿಸಿಲಿಗೆ ಹರಡುತ್ತೇವೆ, ಕಡೆಗೆ ಸಾಂಬ್ರಾಣಿ ಹೊಗೆಯನ್ನೂ ಹಿಡಿಯುತ್ತೇವೆ. ತಲೆಯ ಮೇಲೆ ಬೆಳೆಯುವ ಕೂದಲು ಇಷ್ಟನ್ನೂ ತಡೆದುಕೊಳ್ಳುತ್ತದೆ, ಏಕೆಂದರೆ ಅದರ ಬುಡದಿಂದ ಜಿಡ್ಡು ಸದಾ ಒಸರುತ್ತಿರುತ್ತದೆ, ಹೊಸ ಕೂದಲೂ ಬರುತ್ತಿರುತ್ತದೆ. ಕೊಂಡು ತಂದ ಕೂದಲಿಗೆ ಆ ಬುಡವೇ ಇಲ್ಲ. ಪೆಟ್ಟಿಗೆಯಲ್ಲಿರುವ ಮೈಸೂರು ರೇಷ್ಮೆ ಸೀರೆಯಂತೆ ಅದನ್ನು ನೋಡಿಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಹಳೆಯ ಕಾಲದ ಉದ್ದ ಚೌರಿಯಾಗಲಿ, ಈಗಿನ ಹುಡುಗಿಯರು ಹಾಕುವ ಕ್ಲಿಪ್ಪಿನ ಎಕ್ಸ್‌ಟೆನ್ಷನ್ ಆಗಲಿ, ಮಾತು ಒಂದೇ.

ಮೊದಲು ನಿಮ್ಮ ಕೈಯಲ್ಲಿರುವುದು ಮನುಷ್ಯರ ಕೂದಲೋ ಪ್ಲಾಸ್ಟಿಕ್ ಎಳೆಯೋ ಎಂದು ತಿಳಿದುಕೊಳ್ಳಿ. ಅಂಗಡಿಯವರ ಮಾತನ್ನು ನಂಬಿ ಕೂರಬೇಡಿ. ಎರಡು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಿ. ನಿಜವಾದ ಕೂದಲು ಸುಟ್ಟ ಗರಿಯ ವಾಸನೆ ಕೊಟ್ಟು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಈ ಪರೀಕ್ಷೆ ಮಾಡದೆ ಸಿಂಥೆಟಿಕ್ ಕೂದಲಿಗೆ ಸ್ಟ್ರೇಟ್ನರ್ ಇಟ್ಟು ಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ.

ನಿಜವಾದ ಕೂದಲಿನಲ್ಲೂ ಎರಡು ಬಗೆ. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಅವು ಬುಡದಿಂದ ತುದಿಯ ಕಡೆಗೆ ಒರಗಿರುತ್ತವೆ. ನಿಮ್ಮದೇ ಒಂದು ಕೂದಲನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣುಪಾಗಿರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ಸ್ವಲ್ಪ ತಡೆಯುತ್ತದೆ. ತಲೆಯಿಂದ ಒಟ್ಟಾಗಿ ತೆಗೆದು, ಬುಡವೆಲ್ಲ ಒಂದೇ ಕಡೆ ಇರುವಂತೆ ಜೋಡಿಸಿದ ಕೂದಲನ್ನು ವ್ಯಾಪಾರದಲ್ಲಿ ರೆಮಿ ಎನ್ನುತ್ತಾರೆ. ಅದು ಸುಲಭವಾಗಿ ಸಿಕ್ಕಾಗುವುದಿಲ್ಲ, ಬೆಲೆಯೂ ಹೆಚ್ಚು. ಇನ್ನೊಂದು, ಬಾಚಣಿಗೆಗೆ ಬಂದ ಉದುರು ಕೂದಲು. ಕೂದಲು ಕೊಟ್ಟರೆ ಪಾತ್ರೆ ಕೊಡುತ್ತೇವೆ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ಒಟ್ಟುಮಾಡುವುದು ಇದನ್ನೇ. ಅದರಲ್ಲಿ ಬುಡ ತುದಿ ಎಲ್ಲ ಕಲಸಿಹೋಗಿರುತ್ತದೆ. ಒಂದಕ್ಕೊಂದು ಕಚ್ಚಿಕೊಳ್ಳದಿರಲಿ ಎಂದು ಆಮ್ಲದಲ್ಲಿ ಅದ್ದಿ ಹುರುಪೆ ತೆಗೆದು, ಮೇಲೆ ಸಿಲಿಕೋನ್ ಲೇಪ ಕೊಟ್ಟು ಮಾರುವುದುಂಟು. ಹೊಸದರಲ್ಲಿ ಫಳಫಳ ಹೊಳೆಯುತ್ತದೆ, ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ ಒರಟಾಗುತ್ತದೆ. ನೀವು ಎಷ್ಟೇ ಜೋಪಾನ ಮಾಡಿದರೂ ಆಗುವುದು ಹಾಗೆಯೇ, ಆದ್ದರಿಂದ ಅಂಥದಕ್ಕೆ ಸಾವಿರಾರು ರೂಪಾಯಿ ಸುರಿಯಬೇಡಿ.

ಇನ್ನು ತೊಳೆಯುವ ವಿಷಯ. ಪ್ರತಿ ಸಲ ಹಾಕಿ ತೆಗೆದಾಗಲೂ ತೊಳೆಯಬೇಕಾಗಿಲ್ಲ. ಹದಿನೈದು ಇಪ್ಪತ್ತು ಸಲ ಹಾಕಿದ ಮೇಲೆ, ಅಥವಾ ಬೆವರು, ಸ್ಪ್ರೇ, ಹೋಮದ ಹೊಗೆ ಹಿಡಿದಾಗ ತೊಳೆದರೆ ಸಾಕು. ಸಿಕ್ಕನ್ನು ಒಣಗಿರುವಾಗಲೇ ಬಿಡಿಸಬೇಕು, ನೀರು ಬಿದ್ದರೆ ಗಂಟು ಬಿಗಿಯಾಗುತ್ತದೆ. ಹೊಲಿಗೆಯ ಪಟ್ಟಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ನಾಲ್ಕು ಬೆರಳಷ್ಟನ್ನು ಮೊದಲು ಬಾಚಿ, ಆಮೇಲೆ ಸ್ವಲ್ಪ ಮೇಲಕ್ಕೆ ಬನ್ನಿ. ಬುಡದಿಂದ ಒಂದೇ ಏಟಿಗೆ ಎಳೆದರೆ ಎಳೆಗಳು ಪಟ್ಟಿಯಿಂದಲೇ ಕಿತ್ತು ಬರುತ್ತವೆ.

ಒಂದು ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, ಸೌಮ್ಯವಾದ ಶಾಂಪೂವನ್ನು ಒಂದೆರಡು ಚಮಚ ಕದಡಿ, ಸಲ್ಫೇಟ್ ಇಲ್ಲದ್ದು ಸಿಕ್ಕರೆ ಒಳ್ಳೆಯದು, ಅದರಲ್ಲಿ ಕೂದಲನ್ನು ಮುಳುಗಿಸಿ ಐದು ನಿಮಿಷ ಬಿಡಿ. ನಂತರ ಬುಡದಿಂದ ತುದಿಗೆ ಬೆರಳಾಡಿಸುತ್ತ ನೀವಿ. ಉಂಡೆ ಮಾಡಿ ಉಜ್ಜಬಾರದು. ಸಿಂಥೆಟಿಕ್ ಆದರೆ ತಣ್ಣೀರೇ ಆಗಲಿ. ಸೀಗೆಪುಡಿ ನನಗೆ ಬಹಳ ಇಷ್ಟ, ನನ್ನ ತಲೆಗೆ ಇಂದಿಗೂ ಅದೇ. ಆದರೆ ಅದರ ಚೂರು ಚೌರಿಯ ಹೊಲಿಗೆಯೊಳಗೆ ಸೇರಿಕೊಂಡರೆ ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಕಲೇಬೇಕೆಂದರೆ ಸೀಗೆಕಾಯಿಯನ್ನು ಕುದಿಸಿ, ಬಿಳಿ ಬಟ್ಟೆಯಲ್ಲಿ ಶೋಧಿಸಿದ ತಿಳಿಯನ್ನು ಮಾತ್ರ ಬಳಸಿ.

ನೀರಿನ ಬಗ್ಗೆ ಒತ್ತಿ ಹೇಳಬೇಕು. ಮಂಡ್ಯದ ಹಳ್ಳಿಗಳಲ್ಲಿ, ಮೈಸೂರಿನ ಹೊಸ ಬಡಾವಣೆಗಳಲ್ಲಿ ಅನೇಕ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ನಲ್ಲಿಯ ಬಾಯಿಗೆ ಬಿಳಿ ಕರೆ ಕಟ್ಟುವಂಥ ಗಡಸು ನೀರು ಕೂದಲಿನ ಮೇಲೂ ಅದನ್ನೇ ಉಳಿಸುತ್ತದೆ. ಅದಕ್ಕೇ ಚೌರಿ ತೊಳೆದ ಮೇಲೂ ಮಂಕಾಗಿ, ಕೈಗೆ ಒರಟಾಗಿ ಸಿಗುತ್ತದೆ. ಮೊದಲ ತೊಳೆತ ಯಾವ ನೀರಲ್ಲಾದರೂ ಆಗಲಿ, ಕೊನೆಯ ಒಂದೆರಡು ತಂಬಿಗೆ ಮಾತ್ರ ಕಾವೇರಿ ನೀರೋ ಮಳೆನೀರೋ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರೋ ಇರಲಿ. ಮನುಷ್ಯರ ಕೂದಲಾದರೆ ಒಂದು ಲೀಟರಿಗೆ ಒಂದು ಚಮಚ ವಿನೆಗರ್ ಬೆರೆಸಿ ಅದ್ದಿ ತೆಗೆದು, ಮತ್ತೆ ಒಳ್ಳೆಯ ನೀರು ಹಾಕಿದರೆ ಆ ಕರೆ ಬಿಡುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿಗೆ ಹಿಡಿದು ಉಳಿಸುವವರನ್ನು ಕಂಡರೆ ನನಗೆ ಸಂತೋಷವೇ. ಆದರೆ ಅದರಲ್ಲಿ ಲವಣ ಇನ್ನೂ ಹೆಚ್ಚು, ನೆಲ ಒರೆಸಲು ಇಟ್ಟುಕೊಳ್ಳಿ, ಕೂದಲಿಗೆ ಬೇಡ.

ಶಾಂಪೂ ಹೋದ ಮೇಲೆ ಕಂಡಿಷನರ್ ಹಾಕಲೇಬೇಕು. ಜಿಡ್ಡು ಒಸರದ ಕೂದಲಿಗೆ ಮೃದುತ್ವ ಬರುವುದು ಇದೊಂದರಿಂದಲೇ. ನಡುವಿನಿಂದ ತುದಿಯವರೆಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹೊಲಿಗೆಗೆ ತಾಗಿಸಬೇಡಿ. ಸಿಂಥೆಟಿಕ್ ಕೂದಲಿಗೆ ಇದು ಅಷ್ಟು ಹಿಡಿಯುವುದಿಲ್ಲ. ಬಟ್ಟೆ ಮೆದುವಾಗಲು ಹಾಕುವ ಫ್ಯಾಬ್ರಿಕ್ ಕಂಡಿಷನರ್ ಒಂದು ಮುಚ್ಚಳದಷ್ಟನ್ನು ತಣ್ಣೀರಿಗೆ ಬೆರೆಸಿ ಹತ್ತು ನಿಮಿಷ ನೆನೆಸಿದರೆ ಸಿಕ್ಕು ಸಡಿಲವಾಗುತ್ತದೆ. ಚೌರಿ ಕುತ್ತಿಗೆಗೆ ತಾಗುವ ವಸ್ತುವಾದ್ದರಿಂದ ಚೆನ್ನಾಗಿ ಜಾಲಿಸಿ. ಎಣ್ಣೆ ಮಾತ್ರ ಯಾವುದಕ್ಕೂ ಬೇಡ. ಹೀರಿಕೊಳ್ಳಲು ನೆತ್ತಿಯಿಲ್ಲದೆ ಅದು ಮೇಲೆಯೇ ನಿಂತು ಧೂಳು ಹಿಡಿಯುತ್ತದೆ, ತಿಂಗಳೊಪ್ಪತ್ತಿನಲ್ಲಿ ಕಮಟು ವಾಸನೆ ಬರುತ್ತದೆ.

ಹಿಂಡದೆ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಪಟ್ಟಿಯನ್ನು ಹ್ಯಾಂಗರಿಗೆ ಕ್ಲಿಪ್ ಹಾಕಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಬಿಸಿಲಿಗೆ ಕಪ್ಪು ಬಣ್ಣ ಕೆಂಚಾಗುತ್ತದೆ. ಸಾಂಬ್ರಾಣಿಯ ಕೆಂಡದ ಹತ್ತಿರ ಸಿಂಥೆಟಿಕ್ ಕೂದಲನ್ನು ಒಯ್ಯಲೇಬೇಡಿ, ಒಂದು ಕಿಡಿ ಸಾಕು.

ಮೊಗ್ಗಿನ ಜಡೆ ಹಾಕಿಸಿಕೊಂಡವರ ಚೌರಿಗೆ ಬೇರೆಯೇ ಆರೈಕೆ ಬೇಕು. ಮದುಮಗಳು ದಣಿದಿರುತ್ತಾಳೆ ನಿಜ, ಆದರೂ ಅಂದು ರಾತ್ರಿಯೇ ಮನೆಯ ಹಿರಿಯರು ಯಾರಾದರೂ ಕುಳಿತು ಮಲ್ಲಿಗೆಯನ್ನು ಬಿಡಿಸಿಬಿಡಬೇಕು. ಬೆಳಗಿನವರೆಗೆ ಬಿಟ್ಟರೆ ಹೂವು ಬೆವತು, ತೇವಕ್ಕೆ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಬೆಳಕಿರುವ ಕಡೆ ಕುಳಿತು, ಹೊಲಿದ ದಾರವನ್ನು ಹಿಂಬದಿಯಿಂದ ಸಣ್ಣ ಕತ್ತರಿಯಲ್ಲಿ ಅಲ್ಲಲ್ಲಿ ತುಂಡರಿಸುತ್ತ ಹೋಗಿ. ಹೂವನ್ನು ಹಿಡಿದು ಎಳೆದರೆ ದಾರದ ಜೊತೆ ಕೂದಲೂ ಬರುತ್ತದೆ. ಪಿನ್ನುಗಳನ್ನೆಲ್ಲ ತೆಗೆದಿರಾ ಎಂದು ಕೈಯಿಂದ ಸವರಿ ನೋಡಿ, ಕುಚ್ಚನ್ನು ಬೇರೆ ಮಾಡಿ, ಜಡೆ ಬಿಚ್ಚಿ ರಾತ್ರಿಯಿಡೀ ಫ್ಯಾನಿನ ಗಾಳಿಗೆ ಬಿಡಿ. ಸ್ಪ್ರೇ ಹೊಡೆದಿದ್ದರೆ ಗಂಟು ಕಲ್ಲಾಗಿರುತ್ತದೆ. ಅದನ್ನು ಬಾಚುವ ಮೊದಲು ಬೆಚ್ಚಗಿನ ನೀರಿಗೆ ಕಂಡಿಷನರ್ ಕದಡಿ, ಆ ಭಾಗಕ್ಕಷ್ಟೇ ಸವರಿ ಕಾಯಿರಿ. ಒಣಗಿರುವಾಗಲೇ ಬಾಚಿ ಎಂದ ಮಾತು ಇಲ್ಲೊಂದು ಕಡೆ ಸಲ್ಲುವುದಿಲ್ಲ.

ಸಲೂನಿನಲ್ಲಿ ಅಂಟುಪಟ್ಟಿಯಿಂದ ತಲೆಗೇ ಕೂಡಿಸಿದ್ದಾದರೆ ಮೊದಲ ಎರಡು ದಿನ ನೀರು ಸೋಕಿಸಬೇಡಿ, ಅಂಟಿನ ಹತ್ತಿರ ಎಣ್ಣೆಯನ್ನಾಗಲಿ ಕಂಡಿಷನರನ್ನಾಗಲಿ ತರಬೇಡಿ, ಆರೆಂಟು ವಾರಕ್ಕೆ ಹಾಕಿದವರಿಂದಲೇ ತೆಗೆಸಿ. ಒದ್ದೆ ತಲೆಯಲ್ಲಿ ಮಲಗಬೇಡಿ. ಬುಡ ಜಗ್ಗಿ ನೋಯುತ್ತಿದ್ದರೆ ಅಂದವಾಗಿ ಕಾಣುತ್ತದೆಂದು ಸಹಿಸಬೇಡಿ. ದಿನವೂ ಎಳೆತ ಬಿದ್ದ ಜಾಗದಲ್ಲಿ ಸ್ವಂತ ಕೂದಲು ಉದುರುತ್ತದೆ, ಬಹಳ ಕಾಲ ಹಾಗೆಯೇ ಬಿಟ್ಟರೆ ಮತ್ತೆ ಹುಟ್ಟುವುದೂ ನಿಲ್ಲಬಹುದು. ಬಾಣಂತನದ ನಂತರ, ದೊಡ್ಡ ಜ್ವರದ ನಂತರ ಕೂದಲು ತೆಳುವಾಗಿ ಚೌರಿ ಹುಡುಕುವ ಹೆಣ್ಣುಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಹಾಕಿಕೊಳ್ಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ, ನಮ್ಮ ಅಜ್ಜಿಯರೂ ಹಾಕಿದ್ದಾರೆ. ಹಗುರವಾದದ್ದನ್ನು ಆರಿಸಿ, ರಾತ್ರಿ ತೆಗೆದಿಡಿ.

ಎತ್ತಿಡುವಾಗ ಪೂರ್ತಿ ಒಣಗಿದೆಯೇ ಎಂದು ಹೊಲಿಗೆಯನ್ನು ಮುಟ್ಟಿ ನೋಡಿ, ತೇವ ಉಳಿಯುವುದು ಅಲ್ಲಿಯೇ. ಸಡಿಲವಾಗಿ ಹೆಣೆದು, ಹಳೆಯ ದಿಂಬಿನ ಚೀಲದಲ್ಲಿಟ್ಟು, ಜೊತೆಗೆ ಒಣಗಿದ ಬೇವಿನ ಸೊಪ್ಪನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಹಾಕಿ. ಉಣ್ಣೆ ತಿನ್ನುವ ಹುಳು ಕೂದಲನ್ನೂ ಬಿಡುವುದಿಲ್ಲ. ಶಾಲೆಯ ನೃತ್ಯಕ್ಕೆಂದು ಯಾರಾದರೂ ಕೇಳಿದರೆ ಕೊಡಿ. ಮರಳಿ ಬಂದ ಮೇಲೆ ಕಟ್ಟಿ ಎರಡು ಮೂರು ದಿನ ಪಕ್ಕಕ್ಕಿಟ್ಟು, ತೊಳೆದು ಬಳಸಿ. ತಲೆಯಿಂದ ಬೇರಾದ ಹೇನು ಎರಡು ದಿನಕ್ಕಿಂತ ಹೆಚ್ಚು ಬದುಕುವುದು ಅಪರೂಪ. ತುದಿ ಪೊರಕೆಯಾದ ಚೌರಿಯನ್ನು ಎಸೆಯುವ ಮುನ್ನ ಕೆಳಗಿನ ಎರಡು ಅಂಗುಲ ಕತ್ತರಿಸಿ ನೋಡಿ. ಜಡೆಗೆ ಉದ್ದ ಸಾಲದೆ ಹೋದರೆ ಸುತ್ತಿ, ಕಪ್ಪು ಬಲೆಯಲ್ಲಿ ಹಾಕಿ ಹೊಲಿದುಕೊಂಡರೆ ತುರುಬಿನ ಒಳಗಿಡಲು ಇನ್ನಷ್ಟು ವರ್ಷ ಬರುತ್ತದೆ.