ಬೋರ್‌ವೆಲ್ ನೀರಿನ ಸ್ಯಾಂಪಲ್: ಮೋಟರ್ ಹಾಕಿದ ತಕ್ಷಣ ಬಾಟಲಿ ಹಿಡಿಯಬೇಡಿ

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ, ಅತಿಯಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಜಾಸ್ತಿ. ನಮ್ಮ ಬೋರ್‌ನಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದರೆ ಲ್ಯಾಬ್‌ಗೆ ನೀರು ಕೊಡಲೇಬೇಕು. ಆದರೆ ಲ್ಯಾಬ್‌ನವರು ನೋಡುವುದು ಬಾಟಲಿಯಲ್ಲಿರುವ ನೀರನ್ನು ಮಾತ್ರ. ಅದು ಬಂಡೆಯ ಬಿರುಕಿನಿಂದ ಬಂದದ್ದೋ, ರಾತ್ರಿಯಿಡೀ ಪೈಪಿನಲ್ಲಿ ನಿಂತದ್ದೋ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಮೊದಲು ನಿಂತ ನೀರನ್ನು ಹೊರಗೆ ಹಾಕಬೇಕು. ಬೋರ್‌ನಲ್ಲಿರುವಷ್ಟು ನೀರಿನ ಮೂರು ಪಟ್ಟು ತೆಗೆಯುವುದು ರೂಢಿ. ಲೆಕ್ಕ ಸುಲಭ. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಅಡಿಗೆ ಸುಮಾರು 6.5 ಲೀಟರ್ ನೀರು ನಿಲ್ಲುತ್ತದೆ. 800 ಅಡಿ ಬೋರ್‌ನಲ್ಲಿ ಈಗ ನೀರಿನ ಮಟ್ಟ 650 ಅಡಿ ಆಳದಲ್ಲಿದ್ದರೆ, ನಿಂತಿರುವುದು 150 ಅಡಿ, ಅಂದರೆ 975 ಲೀಟರ್. ಮೂರು ಪಟ್ಟು ಎಂದರೆ ಹತ್ತಿರ ಹತ್ತಿರ 2,900 ಲೀಟರ್. 20 ಲೀಟರ್ ಕ್ಯಾನ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. 15 ಸೆಕೆಂಡಿಗೆ ತುಂಬಿದರೆ ಮೋಟರ್ 37 ನಿಮಿಷ ಓಡಬೇಕು. ಬೆಳಗಿನಿಂದ ತೋಟಕ್ಕೆ ನೀರು ಹಾಯಿಸುತ್ತಿರುವ ಬೋರ್ ಆದರೆ ಈ ಲೆಕ್ಕವೇ ಬೇಡ.

ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಐದೈದು ನಿಮಿಷಕ್ಕೆ ನೋಡುತ್ತಿರಿ. ಮೂರು ಸಲ ಹೆಚ್ಚುಕಡಿಮೆ ಒಂದೇ ಅಂಕಿ ಬಂದರೆ ಒಳಗಿನ ಹೊಸ ನೀರು ಬರುತ್ತಿದೆ ಎಂದು ತಿಳಿಯಬಹುದು. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಅನ್ನೂ ಅಲ್ಲೇ ನೋಡಿಬಿಡಿ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟುಹೋದರೆ ಅದು ಬದಲಾಗುತ್ತದೆ.

ನೀರು ಕಡಿಮೆ ಇರುವ ಬೋರ್‌ನಲ್ಲಿ ಹಟ ಮಾಡಬೇಡಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೇ ಸುತ್ತಲಿನ ನೀರಿನಿಂದ. ನೀರಿನ ಜೊತೆ ಗಾಳಿ ಬರಲು ಶುರುವಾದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಸುಟ್ಟುಹೋಗುತ್ತದೆ. ಮತ್ತೆ ನೀರು ಊರಿದ ಮೇಲೆ ಸ್ಯಾಂಪಲ್ ಹಿಡಿದರಾಯಿತು. ಮೋಟರ್ ಇಲ್ಲದ, ನೀರಿನ ಮಟ್ಟ ನೋಡಲೆಂದೇ ಕೊರೆದ ಬಾವಿಗಳಿಗೆ ಎರಡು ಇಂಚಿನೊಳಗಿನ ಸಣ್ಣ ಪಂಪ್ ಇಳಿಸುತ್ತಾರೆ. ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ, ನಿಧಾನಕ್ಕೆ ಎಳೆಯುತ್ತದೆ. ಕೆಸರು ಏಳುವುದಿಲ್ಲ.

ಈಗ ಬಾಟಲಿ. ಟ್ಯಾಂಕ್‌ನಿಂದ ಬೇಡ, ಡೆಲಿವರಿ ಪೈಪಿನಿಂದಲೇ ಹಿಡಿಯಿರಿ. ಫ್ಲೋರೈಡ್‌ಗೆ ಗಾಜು ಬೇಡ, ಪ್ಲಾಸ್ಟಿಕ್ ಬಾಟಲಿ ಇರಲಿ. ಅದೇ ನೀರಿನಿಂದ ಎರಡು ಮೂರು ಸಲ ಕುಲುಕಿ ಚೆಲ್ಲಿ, ಕಂಠದವರೆಗೆ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಾತ್ರ ಲ್ಯಾಬ್‌ನವರೇ ಕೊಡುವ ಸ್ಟೆರೈಲ್ (ಕ್ರಿಮಿರಹಿತ) ಬಾಟಲಿ ಬೇಕು. ಅದನ್ನು ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು, ಮೇಲೆ ಸ್ವಲ್ಪ ಜಾಗ ಬಿಡಬೇಕು. ಐಸ್ ಬಾಕ್ಸ್‌ನಲ್ಲಿಟ್ಟು ಅಂದೇ ತಲುಪಿಸಿ. ಕಬ್ಬಿಣದ ಅಂಶ ನೋಡಬೇಕಿದ್ದರೆ ಇನ್ನೊಂದು ಬಾಟಲಿ ಕೇಳಿ, ಅದಕ್ಕೆ ಆ್ಯಸಿಡ್ ಹಾಕಿರುತ್ತಾರೆ. ಹಾಗೇ ಬಿಟ್ಟರೆ ತಿಳಿಯಾಗಿ ಬಂದ ನೀರು ಸ್ವಲ್ಪ ಹೊತ್ತಿಗೆ ಕೆಂಪಾಗಿ, ಕಬ್ಬಿಣ ತಳಕ್ಕಿಳಿಯುತ್ತದೆ.

ಬಾಟಲಿ ಮೇಲೆ ಜಾಗ, ತಾರೀಖು, ಹೊತ್ತು, ಬೋರ್‌ನ ಆಳ, ಎಷ್ಟು ಹೊತ್ತು ಮೋಟರ್ ಓಡಿಸಿದಿರಿ ಎಂಬುದನ್ನು ಅಲ್ಲೇ ಬರೆಯಿರಿ.

ವರದಿ ಬಂದಾಗ ಫ್ಲೋರೈಡ್ ಸಾಲು ನೋಡಿ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಅದನ್ನು ದಾಟಿದ್ದರೆ ಕುದಿಸಿ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಹೆಚ್ಚುತ್ತದೆ. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದು ನವೆಂಬರ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.